ಮಕ್ಕಳ ಊಟಕ್ಕಾಗಿ ಶಾಲೆ ಬದಲಿಸಿದೆವು

2025ರ ಜೂನ್‌ನಲ್ಲಿ ನಮ್ಮ ಮೂವರು ಮಕ್ಕಳಲ್ಲಿ ದೊಡ್ಡವರಿಬ್ಬರನ್ನು ಖಾಸಗಿ ಶಾಲೆ ಬಿಡಿಸಿ ಸರ್ಕಾರಿ ಶಾಲೆಗೆ ಸೇರಿಸಿದೆವು. ಮಗಳು ಆರನೇ ಕ್ಲಾಸು, ಮಗ ಮೂರನೇ ಕ್ಲಾಸು. ಕೇಳಿದವರಿಗೆಲ್ಲ ಫೀಸ್ ಜಾಸ್ತಿ ಆಯ್ತು ಅಂತ ಹೇಳಿದೆವು. ಅದೂ ನಿಜವೇ. ಆದರೆ ಮೊದಲ ಕಾರಣ ಮಧ್ಯಾಹ್ನದ ಊಟ. ಬಹಳ ಕಾಲ ಅದನ್ನು ಬಾಯಿಬಿಟ್ಟು ಹೇಳೋಕೆ ನಮ್ಮಿಂದ ಆಗಲಿಲ್ಲ. ನಮ್ಮ ಬೀದಿಯಲ್ಲೇ ಇನ್ನೂ ಕೆಲವು ಮನೆಗಳಲ್ಲಿ ಇದೇ ಕಥೆ ನಡೆಯುತ್ತಿದೆ ಅಂತ ಗೊತ್ತಾದ ಮೇಲೆ ಬರೆದೇಬಿಡೋಣ ಅನ್ನಿಸಿತು.

ನಾವಿರುವುದು ಲಗ್ಗೆರೆಯಲ್ಲಿ. ನಮ್ಮ ಯಜಮಾನರು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಬಲಗೈಗೆ ಪೆಟ್ಟಾಯಿತು. ಆಮೇಲೆ ಆ ಕೆಲಸ ಉಳಿಯಲಿಲ್ಲ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್, ಪಿಕೋ ಹಾಕುತ್ತೇನೆ. ಮದುವೆ ಸೀಸನ್ನಿನಲ್ಲಿ ಕೈತುಂಬ ಕೆಲಸ, ಆಷಾಢದಲ್ಲಿ ಮಿಷನ್ ಸುಮ್ನೆ ಕೂತಿರುತ್ತದೆ.

ದುಡ್ಡು ಕಡಿಮೆಯಾದಾಗ ಮನೆಯಲ್ಲಿ ಯಾವುದನ್ನು ಕಡಿಮೆ ಮಾಡಬಹುದು? ಬಾಡಿಗೆ ತಪ್ಪಿಸುವಂತಿಲ್ಲ. ಸಂಘದ ಸಾಲದ ಕಂತನ್ನು ವಾರಕ್ಕೆ ಸರಿಯಾಗಿ ಕಟ್ಟಲೇಬೇಕು, ಇಲ್ಲದಿದ್ದರೆ ಗುಂಪಿನ ಉಳಿದ ಹೆಂಗಸರ ಮೇಲೆ ಬೀಳುತ್ತದೆ. ಔಷಧಿ ಬಿಡುವಂತಿಲ್ಲ. ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಖರ್ಚು ಅಂದರೆ ಊಟ ಒಂದೇ. ಅದಕ್ಕೇ ಮೊದಲು ಕತ್ತರಿ ಬೀಳುತ್ತದೆ. ನಮ್ಮ ಮನೆಯಲ್ಲಿ ಮೊದಲು ಹೋಗಿದ್ದು ಸಂಜೆಯ ಹಾಲು. ಆಮೇಲೆ ಭಾನುವಾರದ ಕೋಳಿ. ಆಮೇಲೆ ಮೊಟ್ಟೆ. ತೊಗರಿಬೇಳೆ ತರುವುದು ಕಾಲು ಕೆ.ಜಿ.ಗೆ ಇಳಿಯಿತು, ಸಾರು ತೆಳ್ಳಗಾಯಿತು. ಕೊನೆಗೆ ಮಕ್ಕಳ ಡಬ್ಬಿಯಲ್ಲಿ ಅನ್ನ, ಉಪ್ಪಿನಕಾಯಿ ಮಾತ್ರ ಉಳಿಯಿತು. ಹೊಟ್ಟೆ ತುಂಬುತ್ತದೆ, ನಿಜ. ಆದರೆ ಬೆಳೆಯುವ ಮಗುವಿಗೆ ಬೇಕಾದದ್ದು ಅದರಲ್ಲಿ ಏನಿದೆ? ಮಗಳು ತನ್ನ ಡಬ್ಬಿಯಲ್ಲಿ ಅರ್ಧ ತಮ್ಮನಿಗೆ ಕೊಡುತ್ತಿದ್ದಾಳೆ ಅಂತ ಅವರ ಆಟೋ ಅಣ್ಣನಿಂದ ಗೊತ್ತಾಯಿತು. ಅವಳನ್ನು ಕೇಳಿದರೆ, "ನಂಗೆ ಹಸಿವಾಗಲ್ಲಮ್ಮ" ಅಂದಳು. ಹನ್ನೊಂದು ವರ್ಷದ ಹುಡುಗಿಗೆ ಹಸಿವಾಗದೆ ಇರುತ್ತದಾ?

ಎದುರು ಮನೆಯ ಅಕ್ಕ ಒಂದು ಶಾಲೆಯಲ್ಲಿ ಬಿಸಿಯೂಟ ಬಡಿಸುವ ಕೆಲಸ ಮಾಡುತ್ತಾರೆ. "ನಮ್ಮ ಸ್ಕೂಲಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡ್ತೀವಿ. ನೀನು ಯಾಕೆ ಅಲ್ಲಿ ಫೀಸ್ ಕಟ್ಟಿ ಮಕ್ಕಳನ್ನ ಒಣಗಿಸ್ತಿದೀಯ?" ಅಂದರು. ಮಾತು ಒರಟು. ಆದರೆ ಸರಿ ಇತ್ತು. ಬಿಸಿಯೂಟ ಇರುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ, ಒಂದರಿಂದ ಹತ್ತನೇ ತರಗತಿವರೆಗೆ. ನಮ್ಮ ಮಕ್ಕಳು ಹೋಗುತ್ತಿದ್ದಂಥ ಸಣ್ಣ ಖಾಸಗಿ ಶಾಲೆಗಳಿಗೆ ಅದು ಇಲ್ಲ. ಬೆಂಗಳೂರಿನಲ್ಲಿ ಇಂಥ ಶಾಲೆಗೆ ಹೋಗುವ ಮಕ್ಕಳು ಶ್ರೀಮಂತರ ಮಕ್ಕಳಲ್ಲ. ಗಾರ್ಮೆಂಟ್ಸ್‌ಗೆ ಹೋಗುವವರು, ಆಟೋ ಓಡಿಸುವವರು, ಮನೆಗೆಲಸದವರು, ಸೆಕ್ಯುರಿಟಿ ಕೆಲಸದವರು ಹೊಟ್ಟೆ ಬಟ್ಟೆ ಕಟ್ಟಿ ಓದಿಸುವ ಮಕ್ಕಳು. ಆ ಹೊಟ್ಟೆಗಳಲ್ಲಿ ಮಕ್ಕಳದೂ ಸೇರಿಕೊಂಡಿರುತ್ತದೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಶಾಲೆ ಶುರುವಾಗುವ ಹೊತ್ತಿಗೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿ ಎಚ್‌ಎಂ ಮೇಡಂನ ಕಂಡೆ. ಮಕ್ಕಳ ಆಧಾರ್, ಜನನ ಪ್ರಮಾಣಪತ್ರ, ಹಿಂದಿನ ವರ್ಷದ ಅಂಕಪಟ್ಟಿ ತೆಗೆದುಕೊಂಡು ಹೋಗಿದ್ದೆ. ಟಿಸಿ (ವರ್ಗಾವಣೆ ಪತ್ರ) ಇರಲಿಲ್ಲ. ಹಳೇ ಶಾಲೆಯವರು ಬಾಕಿ ಫೀಸ್ ಪೂರ್ತಿ ಕಟ್ಟುವವರೆಗೆ ಟಿಸಿ ಕೊಡಲ್ಲ ಅಂದಿದ್ದರು. ಅಷ್ಟು ದುಡ್ಡಿದ್ದರೆ ನಾನು ಶಾಲೆಯನ್ನೇ ಬದಲಿಸುತ್ತಿರಲಿಲ್ಲವಲ್ಲ! ಅಳು ಬರುವಂತಾಗಿತ್ತು. ಮೇಡಂ ಶಾಂತವಾಗಿ ಕೂರಿಸಿ, "ನೋಡಿಮ್ಮಾ, ಟಿಸಿ ಆಮೇಲೆ ತರಿಸ್ಕೊಳ್ಳೋಣ. ಮಕ್ಕಳನ್ನ ನಾಳೆಯಿಂದ ಕಳಿಸಿ, ತಟ್ಟೆ ಲೋಟ ಕೊಟ್ಟು ಕಳಿಸಿ" ಅಂದರು.

ಅವರು ಹೇಳಿದ್ದು ಬರೀ ಕರುಣೆಯ ಮಾತಲ್ಲ, ಕಾನೂನಿನಲ್ಲಿ ಇರುವ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಟಿಸಿ ತರುವುದು ತಡವಾಯಿತು ಅಂತ ಮಗುವಿನ ದಾಖಲಾತಿಯನ್ನು ನಿಲ್ಲಿಸುವಂತಿಲ್ಲ, ತಡಮಾಡುವಂತೆಯೂ ಇಲ್ಲ. 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವಂತಿಲ್ಲ. ಎಂಟನೇ ತರಗತಿವರೆಗೆ ಈ ಹಕ್ಕು ಇದೆ. ಇದು ನನಗೆ ಮೊದಲೇ ಗೊತ್ತಿದ್ದರೆ ಬೇಸಿಗೆ ರಜೆ ಪೂರ್ತಿ ಹಳೇ ಶಾಲೆಯ ಆಫೀಸಿನ ಮುಂದೆ ಕಾಯುತ್ತಿರಲಿಲ್ಲ. ಗೊತ್ತಿಲ್ಲದ ತಾಯಂದಿರು ಎಷ್ಟು ಜನ ಹಾಗೇ ಕಾಯುತ್ತಿದ್ದಾರೋ.

ಮಕ್ಕಳು ಹೋಗತೊಡಗಿದರು. ಆದರೆ ಕಂಪ್ಯೂಟರ್‌ನಲ್ಲಿ ಅವರ ಹೆಸರು ಹಳೇ ಶಾಲೆಯಲ್ಲೇ ಇತ್ತು. ನಮ್ಮ ರಾಜ್ಯದಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಸ್ಯಾಟ್ಸ್ ನಂಬರ್, ಅಂದರೆ ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯ ನಂಬರ್, ಇರುತ್ತದೆ. ಹೆಚ್ಚಾಗಿ ಅಂಕಪಟ್ಟಿಯ ಮೇಲೇ ಬರೆದಿರುತ್ತಾರೆ, ಎಲ್ಲರೂ ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಹೊಸ ಶಾಲೆಯವರು ಆ ನಂಬರ್ ಹಾಕಿ ವರ್ಗಾವಣೆ ಕೇಳುತ್ತಾರೆ, ಹಳೇ ಶಾಲೆಯವರು ಬಿಡಬೇಕು. ಅವರು ಬಿಡಲಿಲ್ಲ. ಆಗ ಮೇಡಂ ಹೇಳಿದಂತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಒಂದು ಅರ್ಜಿ ಬರೆದೆ. ಒಂದೇ ಪುಟ. ಮಕ್ಕಳ ಹೆಸರು, ಸ್ಯಾಟ್ಸ್ ನಂಬರ್, ಎರಡೂ ಶಾಲೆಯ ಹೆಸರು, ಟಿಸಿ ಕೊಡುತ್ತಿಲ್ಲ ಅನ್ನುವ ವಿಷಯ, ಕಾಯ್ದೆಯ ಸೆಕ್ಷನ್. ಎರಡು ಪ್ರತಿ ಮಾಡಿ, ನನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಈ ಸೀಲು ಮುಖ್ಯ. ಸೀಲು ಇಲ್ಲದ ಅರ್ಜಿಯನ್ನು ಕೊಟ್ಟೇ ಇಲ್ಲ ಅಂತ ಲೆಕ್ಕ. ಆಮೇಲೆ ನಮ್ಮ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಹಳೇ ಶಾಲೆಗೆ ಫೋನ್ ಮಾಡಿದರು, ಬಿಇಒ ಕಚೇರಿಯಿಂದಲೂ ಪತ್ರ ಹೋಯಿತು. ಕೊನೆಗೆ ಬಿಟ್ಟರು. ಬಾಕಿ ಫೀಸನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಟ್ಟುತ್ತಿದ್ದೇನೆ. ಸಾಲ ಬೇರೆ, ಮಗುವಿನ ಊಟ ಬೇರೆ. ಒಂದಕ್ಕೆ ಇನ್ನೊಂದನ್ನು ಒತ್ತೆ ಇಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಈಗ ಊಟದ ವಿಷಯ. ನಮ್ಮ ಶಾಲೆಯಲ್ಲಿ ಬೆಳಗ್ಗೆ ಕ್ಷೀರ ಭಾಗ್ಯದ ಹಾಲು ಕೊಡುತ್ತಾರೆ. ಒಂದು ಮಗುವಿಗೆ 150 ಎಂ.ಎಲ್. 2013ರ ಆಗಸ್ಟ್‌ನಲ್ಲಿ ಶುರುವಾದ ಯೋಜನೆ ಇದು, ಆಗ ವಾರಕ್ಕೆ ಮೂರು ದಿನ ಇತ್ತು, ಆಮೇಲೆ ಐದು ದಿನ ಮಾಡಿದರು. 2024ರಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೂಡ ಇದೆ. ಮಧ್ಯಾಹ್ನದ ಅನ್ನ, ಸಾಂಬಾರ್ ಹೊರಗಿನ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಸ್ಟೀಲ್ ಡಬ್ಬಗಳಲ್ಲಿ ಬರುತ್ತದೆ. ಬೆಂಗಳೂರಿನ ಬಹಳಷ್ಟು ಶಾಲೆಗಳಲ್ಲಿ ಹೀಗೇ. ಮೊಟ್ಟೆ ಮಾತ್ರ ಶಾಲೆಯಲ್ಲೇ ಬೇಯುತ್ತದೆ. ಸರ್ಕಾರ ವಾರಕ್ಕೆ ಎರಡು ಕೊಡುತ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆಗೂಡಿದ ಮೇಲೆ ಆರು ದಿನವೂ ಸಿಗುವಂತಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ಎಷ್ಟು ಕೊಡಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಒಂದರಿಂದ ಐದನೇ ತರಗತಿ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಈ ಲೆಕ್ಕ ಓದಿದ ದಿನ ನಾನು ಮನೆಯ ಬೇಳೆ ಡಬ್ಬ ತೆಗೆದು ನೋಡಿದೆ. ಆರು ಜನರ ಮನೆಗೆ ನಾನು ಹಾಕುತ್ತಿದ್ದ ಬೇಳೆ ಅಲ್ಲಿ ನನ್ನ ಇಬ್ಬರು ಮಕ್ಕಳ ತಟ್ಟೆಗೆ ಬೀಳುವ ಬೇಳೆಗಿಂತ ಹೆಚ್ಚೇನೂ ಇರಲಿಲ್ಲ.

ಮಗ ಮೊದಲ ವಾರದಲ್ಲೇ ಹೊಂದಿಕೊಂಡ. ಮಗಳಿಗೆ ಕಷ್ಟವಾಯಿತು. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಅವಳಿಗೆ ಮುಜುಗರ. ಹಳೇ ಶಾಲೆಯ ಗೆಳತಿ ಯಾರಾದರೂ ಗೇಟಿನ ಹೊರಗಿಂದ ನೋಡಿಬಿಟ್ಟರೆ ಅನ್ನುವ ಭಯ. ಆದರೆ ಅಲ್ಲಿ ಎಲ್ಲರೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ, ಎಲ್ಲರೂ ಒಟ್ಟಿಗೇ ನೆಲದ ಮೇಲೆ ಕೂತು ತಿನ್ನುತ್ತಾರೆ. ಇವಳು ಬಡವಳು, ಇವಳಿಗೆ ಉಚಿತ ಅಂತ ಯಾರನ್ನೂ ಬೇರೆ ಕೂರಿಸುವುದಿಲ್ಲ. ಒಬ್ಬರು ಟೀಚರ್ ಕೂಡ ಮೊದಲು ರುಚಿ ನೋಡಿಯೇ ಬಡಿಸಲು ಹೇಳುತ್ತಾರೆ. ನಿಧಾನಕ್ಕೆ ಅವಳ ಮುಜುಗರ ಹೋಯಿತು. ಪಾಠದ ಕಷ್ಟ ಮಾತ್ರ ಈಗಲೂ ಇದೆ. ಇಂಗ್ಲಿಷಿನಲ್ಲಿ ಗಣಿತ ಕಲಿತವಳು ಈಗ ಕನ್ನಡದಲ್ಲಿ ಲ.ಸಾ.ಅ., ಮ.ಸಾ.ಅ. ಮಾಡುತ್ತಿದ್ದಾಳೆ. ರಾತ್ರಿ ಅವರಪ್ಪನ ಜೊತೆ ಕೂತು ಎರಡೂ ಭಾಷೆಯ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದುಕೊಳ್ಳುತ್ತಾಳೆ. ಇದು ಸಣ್ಣ ಬೆಲೆ ಅಲ್ಲ. ಮಗುವಿನ ಊಟಕ್ಕಾಗಿ ಮಗುವಿನ ಓದಿನ ದಾರಿಯನ್ನೇ ಬದಲಿಸಬೇಕಾಯಿತು, ಅದು ಈಗಲೂ ನೋಯುತ್ತದೆ.

ಕಿರಿಯವಳಿಗೆ ನಾಲ್ಕು ವರ್ಷ. ಅವಳನ್ನು ಪಕ್ಕದ ಬೀದಿಯ ಅಂಗನವಾಡಿಗೆ ಸೇರಿಸಿದೆ. ಒಂದೇ ಕೋಣೆ, ಬಾಡಿಗೆ ಕಟ್ಟಡ. ಆದರೆ ಅಲ್ಲಿನ ಮಿಸ್ ಮೊದಲ ದಿನವೇ ತೂಕ, ಎತ್ತರ ಅಳೆದು, ಚಾರ್ಟ್ ತೋರಿಸಿದರು. ಹಸಿರು ಅಂದರೆ ಸರಿ, ಹಳದಿ ಅಂದರೆ ಕಡಿಮೆ, ಕೆಂಪು ಅಂದರೆ ತೀರಾ ಕಡಿಮೆ. ನನ್ನ ಮಗಳು ಹಳದಿಯಲ್ಲಿದ್ದಳು. ನಮ್ಮ ಕಣ್ಣಿಗೆ ಅವಳು ಸಣ್ಣ ಮೈಕಟ್ಟಿನ ಮಗು, ಅಷ್ಟೇ. ನಮ್ಮಂತೆ ಅಂದುಕೊಂಡವರು ಎಷ್ಟೋ ಜನ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, ಸುಮಾರು 33 ಮಕ್ಕಳ ತೂಕ ಕಡಿಮೆ ಇತ್ತು, 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇತ್ತು. ಇವು ಹಳ್ಳಿಯ ಮಕ್ಕಳ ಅಂಕಿ ಮಾತ್ರ ಅಂದುಕೊಳ್ಳಬೇಡಿ. ಅಂಗನವಾಡಿಯಲ್ಲಿ ಅವಳಿಗೆ ಬಿಸಿ ಊಟ, ಹಾಲು, ಮೊಟ್ಟೆ ಸಿಗುತ್ತದೆ. ಪ್ರತಿ ತಿಂಗಳು ತೂಕ ನೋಡುತ್ತಾರೆ. ದಯವಿಟ್ಟು ನಿಮ್ಮ ಮಕ್ಕಳ ತೂಕ ಹಾಕಿಸಿ. ಕಣ್ಣಳತೆ ನಂಬಬೇಡಿ.

ಅಂಗನವಾಡಿ ವಿಷಯ ಬಂದಾಗ ನಮ್ಮ ಅತ್ತೆಯದು ಒಂದು ಹೆಮ್ಮೆಯ ಮಾತಿದೆ. ಅವರ ಊರು ತಿ. ನರಸೀಪುರ ಕಡೆ. ರಾಜ್ಯದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾದದ್ದು ಆ ತಾಲ್ಲೂಕಿನಲ್ಲೇ, 1975ರ ಅಕ್ಟೋಬರ್ 2ರಂದು. "ನಮ್ಮೂರಿಂದ ಬಂದಿದ್ದು ಅದು" ಅನ್ನುತ್ತಾರೆ.

ಅವರ ರೇಷನ್ ಕಾರ್ಡೂ ಅದೇ ಊರಿನದು. ನಾನು, ಯಜಮಾನರು ಅದರಲ್ಲಿದ್ದೇವೆ. ಮೂರು ಮಕ್ಕಳ ಹೆಸರು ಇರಲಿಲ್ಲ. ಅತ್ತೆ ಈಗ ನಮ್ಮ ಜೊತೆಗೇ ಇರುವುದರಿಂದ ಲಗ್ಗೆರೆಯಲ್ಲೇ ರೇಷನ್ ತೆಗೆದುಕೊಳ್ಳೋಣ ಅಂತ ಹೋದೆವು. ಅಂಗಡಿಯವರು "ನಿಮ್ಮ ಕಾರ್ಡ್ ಇಲ್ಲಿಯದಲ್ಲ, ಊರಲ್ಲೇ ತಗೊಳ್ಳಿ" ಅಂದರು. ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ತಂಬ್ ಕೊಟ್ಟು ಅಕ್ಕಿ ತೆಗೆದುಕೊಳ್ಳಬಹುದು. ಅದು ನನಗೆ ಗೊತ್ತಿತ್ತು, ಹೇಳಿದೆ. ಆದರೂ ಒಪ್ಪಲಿಲ್ಲ. ಆಹಾರ ಇಲಾಖೆಯ 1967 ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿದ ಮೇಲೆ ಕೊಟ್ಟರು.

ಮಕ್ಕಳ ಹೆಸರು ಸೇರಿಸುವುದು ಇದಕ್ಕಿಂತ ದೊಡ್ಡ ಕೆಲಸವಾಯಿತು. ದೊಡ್ಡ ಮಕ್ಕಳಿಬ್ಬರಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಅದು ನಾಡಕಚೇರಿಯಲ್ಲಿ. ಚಿಕ್ಕವಳಿಗೆ ಜನನ ಪ್ರಮಾಣಪತ್ರ, ಆಧಾರ್. ಮಗನ ಆಧಾರ್‌ನಲ್ಲಿ ಹೆಸರಿನ ಒಂದು ಅಕ್ಷರ ಬೇರೆ ಇತ್ತು, ಅದನ್ನು ಮೊದಲು ಸರಿಮಾಡಿಸಬೇಕಾಯಿತು. ಎಲ್ಲ ಕೈಗೆ ಬಂದ ಮೇಲೆ ತಿದ್ದುಪಡಿಗೆ ಸೈಟ್ ತೆರೆದಿರಲಿಲ್ಲ. ತೆರೆದ ದಿನ ಸರ್ವರ್ ಇಲ್ಲ. ಅತ್ತೆಯೇ ಊರಿಗೆ ಹೋಗಿ, ಅಲ್ಲಿನ ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ಕಾದು ಅರ್ಜಿ ಹಾಕಿಸಿ ಬಂದರು. ಆಹಾರ ನಿರೀಕ್ಷಕರ ಒಪ್ಪಿಗೆ ಆದ ಮೇಲೆ ಹೆಸರು ಸೇರಿತು.

ಎಷ್ಟು ವ್ಯತ್ಯಾಸ ಆಯಿತು ಅಂತ ಹೇಳುತ್ತೇನೆ. ಅನ್ನಭಾಗ್ಯದಲ್ಲಿ 2023ರ ಜುಲೈನಿಂದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು, ಆಗ ತಲೆಗೆ ಒಟ್ಟು 10 ಕೆ.ಜಿ. ಮೂರು ಮಕ್ಕಳ ಹೆಸರು ಸೇರಿದ್ದಕ್ಕೆ ನಮಗೆ ತಿಂಗಳಿಗೆ 30 ಕೆ.ಜಿ. ಅಕ್ಕಿ ಜಾಸ್ತಿ ಸಿಕ್ಕಿತು. ಅಕ್ಕಿಯ ದುಡ್ಡು ಉಳಿದ ಮೇಲೆ ಬೇಳೆ, ಸೊಪ್ಪು ಮತ್ತೆ ಮನೆಗೆ ಬಂತು.

ಆದರೆ ಈ ಕಾರ್ಡು ಯಾವಾಗ ಕೈತಪ್ಪುತ್ತದೋ ಅನ್ನುವ ಭಯ ಹೋಗಿಲ್ಲ. ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷ ರೂಪಾಯಿ ದಾಟಬಾರದು. ಅಂದರೆ ತಿಂಗಳಿಗೆ ಹತ್ತು ಸಾವಿರ. ಯಜಮಾನರ ಕೈ ಸರಿಹೋಗಿ ಕೆಲಸಕ್ಕೆ ಹೋದರೆ ಆ ಗೆರೆ ದಾಟುತ್ತೇವೆ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ, ಆರು ಜನ ಹತ್ತು ಸಾವಿರದಲ್ಲಿ ಬದುಕಬಹುದು ಅಂತ ಯಾರಿಗಾದರೂ ಅನ್ನಿಸುತ್ತದಾ? ಈ ಗೆರೆಯ ಆಚೆ ನಿಂತು ಹಸಿದಿರುವ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ. ಅದಕ್ಕೇ ನನಗೆ ಶಾಲೆಯ ಊಟ ಅಷ್ಟು ದೊಡ್ಡದು ಅನ್ನಿಸುವುದು. ಅದು ಆದಾಯ ಕೇಳುವುದಿಲ್ಲ. ಕಾರ್ಡ್ ಬಣ್ಣ ಕೇಳುವುದಿಲ್ಲ. ಟಿಸಿ ಇಲ್ಲದ ನನ್ನ ಮಕ್ಕಳಿಗೂ ಸಿಕ್ಕಿತು. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಅಂತ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಇಡೀ ರಾಜ್ಯಕ್ಕೆ ಹರಡಿತು. ಸಹಾಯ ಬೇಡಿದವರಿಗೆ ಮಾತ್ರ ಕೊಡುವುದಕ್ಕೂ ಎಲ್ಲ ಮಕ್ಕಳಿಗೂ ಕೊಡುವುದಕ್ಕೂ ಎಷ್ಟು ದೂರ ಅಂತ ನನಗೆ ನಾಡಕಚೇರಿಯ ಸಾಲಿನಲ್ಲಿ ನಿಂತಾಗ ಅರ್ಥವಾಯಿತು.

ರಜೆಯದ್ದೇ ಈಗ ದೊಡ್ಡ ಕೊರತೆ. 2025ರಲ್ಲಿ ದಸರಾ ರಜೆ ಸೆಪ್ಟೆಂಬರ್‌ನಲ್ಲೇ ಶುರುವಾಯಿತು. ರಾಜ್ಯದ ಜಾತಿ ಸಮೀಕ್ಷೆಗೆ ಟೀಚರ್‌ಗಳು ಬೇಕಾಗಿದ್ದರಿಂದ ಅಕ್ಟೋಬರ್ 18ರವರೆಗೆ ಮುಂದೆ ಹೋಯಿತು, ಅದರ ಹಿಂದೆಯೇ ದೀಪಾವಳಿ. ಅಷ್ಟು ದಿನವೂ ಹಾಲಿಲ್ಲ, ಮೊಟ್ಟೆ ಇಲ್ಲ, ಬಿಸಿಯೂಟ ಇಲ್ಲ. ಅತ್ತೆ ಕೆಲವು ದಿನ ಮಕ್ಕಳನ್ನು ಇಂದಿರಾ ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಅದು ಇಲ್ಲದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. 2024ರ ಬೇಸಿಗೆಯಲ್ಲಿ ಬರ ಘೋಷಿಸಿದ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಅಂದರೆ ಮಾಡೋಕೆ ಆಗುತ್ತದೆ. ಬರ ಹೊಲಕ್ಕೆ ಮಾತ್ರ ಬರುವುದಿಲ್ಲ, ಕೆಲಸ ಹೋದ ಮನೆಗೂ ಬರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಾನು ಇದನ್ನೇ ಕೇಳಿದೆ. ಬೇಸಿಗೆ ರಜೆಯಲ್ಲಿ ವಾರಕ್ಕೆ ಮೂರು ದಿನವಾದರೂ ಶಾಲೆಯಲ್ಲಿ ಊಟ ಕೊಡಿ ಅಂತ ಮನವಿ ಬರೆದು ತಾಯಂದಿರ ಸಹಿ ಹಾಕಿಸುತ್ತಿದ್ದೇವೆ. ಮೇಡಂ ಮೇಲಕ್ಕೆ ಕಳಿಸುತ್ತೇನೆ ಅಂದಿದ್ದಾರೆ. ಖಾಸಗಿ ಶಾಲೆಗೆ ಹೋಗುವ ಬಡ ಮಕ್ಕಳ ಊಟದ ಬಗ್ಗೆಯೂ ಅದರಲ್ಲಿ ಒಂದು ಸಾಲು ಸೇರಿಸಿದ್ದೇನೆ.

ಮೊನ್ನೆ ಹಿಂದಿನ ಬೀದಿಯ ಒಬ್ಬ ತಾಯಿ ಬ್ಲೌಸ್ ಕೊಡುವ ನೆಪದಲ್ಲಿ ಬಂದು ಬಹಳ ಹೊತ್ತು ಕೂತರು. ಗಂಡ ಬಿಟ್ಟುಹೋಗಿದ್ದಾರೆ, ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಗ ನಾಲ್ಕನೇ ಕ್ಲಾಸು, ಫೀಸ್ ಬಾಕಿ ಇದೆ, ಟಿಸಿ ಕೊಡುತ್ತಿಲ್ಲ. ನಾನು ಅಂಕಪಟ್ಟಿ ತರಿಸಿ ಸ್ಯಾಟ್ಸ್ ನಂಬರ್ ಹುಡುಕಿಕೊಟ್ಟೆ. ಬಿಇಒ ಅವರಿಗೆ ಅರ್ಜಿಯನ್ನು ಇಬ್ಬರೂ ಕೂತು ಬರೆದಿದ್ದೇವೆ, ಎರಡು ಪ್ರತಿ. ಆಕೆಗೆ ಸೋಮವಾರ ಅರ್ಧ ದಿನ ರಜೆ ಸಿಕ್ಕಿದೆ. ಬೆಳಗ್ಗೆ ಮೊದಲು ಹುಡುಗನನ್ನು ಮೇಡಂ ಹತ್ತಿರ ಬಿಟ್ಟು, ಆಮೇಲೆ ಕಚೇರಿಗೆ ಹೋಗುತ್ತೇವೆ. ಅವತ್ತಿನ ಮಧ್ಯಾಹ್ನದ ಊಟ ಅವನಿಗೆ ತಪ್ಪಬಾರದು.